ಟ್ಯಾಕ್ಸ್ ಬಾಕಿ ಸೆಟ್ಲ್ ಮಾಡೋದು ಹೇಗೆ: ಮುಂಬೈ, ಪುಣೆ, ಗೋವಾದ ನಮ್ಮವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮುಂಬೈ ಫೋರ್ಟ್‌ನಲ್ಲಿ ಒಬ್ರು ಸಿಎ ಹತ್ರ ಅಕೌಂಟ್ಸ್ ನೋಡ್ಕೊಳ್ಳೋನು. ನಮ್ಮಲ್ಲಿಗೆ ಬರೋರಲ್ಲಿ ಅರ್ಧಕ್ಕರ್ಧ ನಮ್ಮೂರ ಕಡೆಯವರೇ, ಹೋಟೆಲ್, ಕ್ಯಾಂಟೀನ್, ಕ್ಯಾಟರಿಂಗ್, ಟೆಂಪೋ, ಪುಣೆ ಭೋಸರಿಯಲ್ಲಿ ಗಾಳಾ (ಸಣ್ಣ ಇಂಡಸ್ಟ್ರಿ ಶೆಡ್) ತಗೊಂಡು ಲೇಥ್ ಹಾಕಿದವರು, ಗೋವಾದಲ್ಲಿ ಲೇಬರ್ ಕಾಂಟ್ರಾಕ್ಟ್ ಮಾಡೋ ಬಾಗಲಕೋಟೆ-ಗದಗದವರು. ಎಲ್ರೂ ಕೇಳೋದು ಹೆಚ್ಚುಕಮ್ಮಿ ಒಂದೇ, ಪ್ರತಿ ಸಲ ಫೋನಲ್ಲಿ ಅರ್ಧ ಗಂಟೆ ಹೇಳೋ ಬದಲು ಒಂದೇ ಕಡೆ ಬರೆದಿಡ್ತಾ ಇದ್ದೇನೆ.

ಒಂದು ಮಾತು ಮೊದಲೇ. ಹೊಸ ಇನ್‌ಕಮ್ ಟ್ಯಾಕ್ಸ್ ಕಾಯ್ದೆ 2025 ಬಂದು 2026 ಏಪ್ರಿಲ್ 1ರಿಂದ ಜಾರಿ, ಸೆಕ್ಷನ್ ನಂಬರ್ ಎಲ್ಲ ಬದಲು. ಆದ್ರೆ ಈಗ ನಿಮ್ಮ ತಲೆ ಮೇಲಿರೋ ಹಳೆ ವರ್ಷದ ಬಾಕಿಗೆಲ್ಲ 1961ರ ಕಾಯ್ದೆಯ ನಂಬರೇ ನೋಟಿಸಲ್ಲಿ ಇರ್ತದೆ, ಹಾಗಾಗಿ ಇಲ್ಲಿ ಅದೇ ನಂಬರ್ ಹಾಕಿದ್ದೇನೆ.

"5 ಲಕ್ಷದ ಬಾಕಿ 1 ಲಕ್ಷಕ್ಕೆ ಸೆಟ್ಲ್ ಮಾಡಿ ಕೊಡ್ತೇನೆ ಅಂತ ಒಬ್ರು ಹೇಳ್ತಿದ್ದಾರೆ, ಹೌದಾ?"

ಇಲ್ಲ ಮಾರಾಯ್ರೆ. ಯೂಟ್ಯೂಬಲ್ಲಿ ಅಮೆರಿಕದ ಜಾಹೀರಾತು ನೋಡಿ ಇಲ್ಲೂ ಹಾಗೇ ಅಂದ್ಕೊಳ್ತಾರೆ. ನಮ್ಮಲ್ಲಿ ಆಫೀಸರ್ ಎದುರು ಕೂತು ಮೀನು ಮಾರ್ಕೆಟ್ ತರ ಚೌಕಾಸಿ ಮಾಡಿ ಅಸಲು ಟ್ಯಾಕ್ಸ್ ಇಳಿಸೋ ಕೌಂಟರ್ ಎಲ್ಲೂ ಇಲ್ಲ, ಅವರಿಗೆ ಆ ಅಧಿಕಾರಾನೇ ಇಲ್ಲ. 1976ರಿಂದ ಸೆಟ್ಲ್‌ಮೆಂಟ್ ಕಮಿಷನ್ ಅಂತ ಒಂದಿತ್ತು, ಅದು ಆದಾಯ ಮುಚ್ಚಿಟ್ಟ ದೊಡ್ಡ ಕೇಸ್‌ಗಳಿಗೆ, ಅದನ್ನೂ 2021 ಫೆಬ್ರವರಿ 1ರಿಂದ ಮುಚ್ಚಿಬಿಟ್ರು.

ಇರೋದು ಆಗಾಗ ಬರೋ ಸ್ಕೀಮ್. ಇನ್‌ಕಮ್ ಟ್ಯಾಕ್ಸ್ ತಕರಾರು ಮುಗಿಸೋ ವಿವಾದ್ ಸೆ ವಿಶ್ವಾಸ್ 2020ರಲ್ಲಿ ಒಂದು, 2024ರಲ್ಲಿ ಒಂದು ಬಂತು, ಎರಡನೇದಕ್ಕೆ ಅರ್ಜಿ ಹಾಕೋ ಕೊನೆ ದಿನ 2025 ಏಪ್ರಿಲ್ 30. ಜಿಎಸ್‌ಟಿಯಲ್ಲಿ 2017-18ರಿಂದ 2019-20ರ ತನಕದ ಕೆಲವು ಆರ್ಡರ್‌ಗಳಿಗೆ ಟ್ಯಾಕ್ಸ್ ಮಾತ್ರ ಕಟ್ಟಿದ್ರೆ ಬಡ್ಡಿ-ಪೆನಾಲ್ಟಿ ಮಾಫಿ ಇತ್ತು, ಅದಕ್ಕೆ ದುಡ್ಡು ಕಟ್ಟೋ ಗಡುವು 2025 ಮಾರ್ಚ್ 31ಕ್ಕೆ ಮುಗೀತು. ಮಹಾರಾಷ್ಟ್ರ ಸರ್ಕಾರ ಹಳೆ ವ್ಯಾಟ್ ಬಾಕಿಗೆ 2022, 2023ರಲ್ಲಿ ಅಭಯ ಯೋಜನೆ ತಂದಿತ್ತು, ಅದೂ ಮುಗೀತು. ಇನ್ನೊಂದು ಬರ್ತದಾ ಅಂತ ಕಾಯ್ತಾ ಕೂರೋದು ಲಾಟರಿ ಟಿಕೆಟ್ ಇಟ್ಕೊಂಡ ಹಾಗೆ, ಅಷ್ಟರಲ್ಲಿ ಬಡ್ಡಿ ಓಡ್ತಾ ಇರ್ತದೆ. ಈ ಸ್ಕೀಮ್ ಮುಗಿದ ಮೇಲೂ ಅದರ ಹೆಸರು ಹೇಳಿ ಅಡ್ವಾನ್ಸ್ ತಗೊಂಡವರು ಉಂಟು.

"ಹಾಗಾದ್ರೆ ಬಾಕಿ ಕಮ್ಮಿ ಆಗೋ ದಾರೀನೇ ಇಲ್ವಾ?"

ಉಂಟು, ಯಾಕಂದ್ರೆ ಬಂದ ಡಿಮಾಂಡ್‌ನಲ್ಲಿ (ಇಷ್ಟು ಕಟ್ಟಿ ಅಂತ ಇಲಾಖೆ ಕೇಳೋ ಮೊತ್ತ) ತುಂಬಾ ನಿಮ್ಮದೇ ಅಲ್ಲ. ನಾನು ಎಲ್ಲರಿಗೂ ಮೊದಲು ಹೇಳೋದು ಇದನ್ನೇ, ದುಡ್ಡು ಹೊಂದಿಸೋಕೆ ಓಡೋ ಮೊದಲು ಲೆಕ್ಕ ಸರಿ ಉಂಟಾ ನೋಡಿ.

ಘಾಟ್ಕೋಪರ್‌ನಲ್ಲಿ ಇಡ್ಲಿ-ದೋಸೆ ಸ್ಟಾಲ್ ನಡ್ಸೋ ಒಬ್ರು ಶೆಟ್ರು ಬಂದಿದ್ರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಒಳಗೆ ಎರಡು ವರ್ಷದ ಕಾಗದ ಎಲ್ಲ ಒಟ್ಟಿಗೆ, ಕರೆಂಟ್ ಬಿಲ್, ಫುಡ್ ಲೈಸೆನ್ಸ್, ಎಣ್ಣೆ ಕಲೆ ಆದ ಚಲನ್. ಡಿಮಾಂಡ್ 80 ಸಾವಿರದ ಹತ್ರ. ಪತ್‌ಪೇಡಿಯಿಂದ (ಸಹಕಾರಿ ಸೊಸೈಟಿ) ಸಾಲ ತೆಗೆದು ಕಟ್ಟಿಬಿಡ್ತೇನೆ, ರಗಳೆ ಬೇಡ ಅಂತ ಹೇಳ್ತಾ ಇದ್ರು. ಚಲನ್ ಬಿಡಿಸಿ ನೋಡಿದ್ರೆ 2022 ಮಾರ್ಚ್ 14ಕ್ಕೆ 72 ಸಾವಿರ ಅಡ್ವಾನ್ಸ್ ಟ್ಯಾಕ್ಸ್ ಕಟ್ಟಿದ್ದಾರೆ, ಆದ್ರೆ ಅಸೆಸ್‌ಮೆಂಟ್ ಇಯರ್ (ದುಡಿದ ವರ್ಷದ ಮುಂದಿನ ವರ್ಷ) ಅಂತ ಇರೋ ಕಡೆ 2022-23 ಬರ್ಬೇಕಾದ್ದು 2021-22 ಅಂತ ಬಿದ್ದಿದೆ. ಅಷ್ಟೇ. ದುಡ್ಡು ಸರ್ಕಾರದ ಹತ್ರಾನೇ ಉಂಟು, ಬೇರೆ ವರ್ಷದ ಡಬ್ಬದಲ್ಲಿ. ಇವರ ರಿಟರ್ನ್‌ಗೆ ಅದು ಸಿಗ್ಲಿಲ್ಲ, ಮೇಲಿಂದ ಬಡ್ಡಿ ಬಿತ್ತು. ಹೀಗೆ ವರ್ಷ ತಪ್ಪಿದ್ರೆ ಕಟ್ಟಿದ ಕೆಲವೇ ದಿನದೊಳಗಾದ್ರೆ ಪೋರ್ಟಲ್‌ನಲ್ಲೇ ಚಲನ್ ಕರೆಕ್ಷನ್ ಆಗ್ತದೆ, ಆಮೇಲೆ ನಿಮ್ಮ ಅಸೆಸಿಂಗ್ ಆಫೀಸರ್‌ಗೆ (ನಿಮ್ಮ ಫೈಲ್ ನೋಡೋ ಟ್ಯಾಕ್ಸ್ ಆಫೀಸರ್) ಪತ್ರ ಕೊಡ್ಬೇಕು, ಅದಾದ ಮೇಲೆ ಸೆಕ್ಷನ್ 154ರಲ್ಲಿ ರೆಕ್ಟಿಫಿಕೇಷನ್, ಅಂದ್ರೆ ಆರ್ಡರ್‌ನ ತಪ್ಪು ತಿದ್ದಿಸೋದು. ಶೆಟ್ರಿಗೆ ಐದು ತಿಂಗಳು ಹಿಡೀತು, ಎರಡು ಸಲ ಹೋಗಿ ನೆನಪು ಮಾಡ್ಬೇಕಾಯ್ತು, ಆದ್ರೆ ಡಿಮಾಂಡ್ ಸೊನ್ನೆ ಆಯ್ತು.

ರೆಕ್ಟಿಫಿಕೇಷನ್‌ಗೆ ಆರ್ಡರ್ ಆದ ಹಣಕಾಸು ವರ್ಷ ಮುಗಿದ ಮೇಲೆ 4 ವರ್ಷ ಟೈಮ್ ಉಂಟು, ಹಾಗಂತ ನಾಲ್ಕು ವರ್ಷ ಕಾಯ್ಬೇಡಿ.

"ನೋಟಿಸ್ ಬಂದ ದಿನ ಎಂಥ ಮಾಡ್ಬೇಕು?"

ಅದು ನಿಜವಾ ಸುಳ್ಳಾ ನೋಡಿ. 2019 ಅಕ್ಟೋಬರ್ 1ರಿಂದ ಇನ್‌ಕಮ್ ಟ್ಯಾಕ್ಸ್‌ನ ಪತ್ರಗಳಿಗೆ ಡಿನ್ ಅಂತ ಒಂದು ನಂಬರ್ ಇರ್ತದೆ, ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೇನೂ ಚೆಕ್ ಮಾಡ್ಬಹುದು. ವಾಟ್ಸಾಪ್‌ನಲ್ಲಿ ಬಂದ ಲಿಂಕ್ ಒತ್ಬೇಡಿ.

ನಿಜ ಅಂತಾದ್ರೆ ತಾರೀಕು ಬರೆದಿಡಿ, ಗೋಡೆ ಕ್ಯಾಲೆಂಡರ್‌ನಲ್ಲೇ ಬರೀರಿ. ಡಿಮಾಂಡ್ ಕಟ್ಟೋಕೆ 30 ದಿನ. ಅದು ದಾಟಿದ್ರೆ ಸೆಕ್ಷನ್ 220(2)ರಲ್ಲಿ ತಿಂಗಳಿಗೆ 1 ಪರ್ಸೆಂಟ್ ಬಡ್ಡಿ, ತಿಂಗಳ ಮೇಲೆ ಒಂದು ದಿನ ಆದ್ರೂ ಪೂರ್ತಿ ತಿಂಗಳ ಲೆಕ್ಕ. 2,40,000 ಬಾಕಿ ಇದ್ರೆ ತಿಂಗಳಿಗೆ 2,400, ಹತ್ತು ತಿಂಗಳು ಸುಮ್ನೆ ಕೂತ್ರೆ 24,000.

ಪೋರ್ಟಲ್‌ನಲ್ಲಿ ಪೆಂಡಿಂಗ್ ಆ್ಯಕ್ಷನ್ಸ್ ಒಳಗೆ ಔಟ್‌ಸ್ಟ್ಯಾಂಡಿಂಗ್ ಡಿಮಾಂಡ್ ಅಂತ ಉಂಟು. ಒಪ್ತೇನೆ, ಒಪ್ಪಲ್ಲ, ಸ್ವಲ್ಪ ಮಾತ್ರ ಒಪ್ತೇನೆ, ಈ ತರ ಉತ್ತರ ಕೊಡೋ ಜಾಗ. ತಪ್ಪು ಡಿಮಾಂಡ್‌ಗೆ ಗಾಬರೀಲಿ "ಸರಿ ಉಂಟು" ಅಂತ ಒತ್ತಿದ್ರೆ ಆಮೇಲೆ ಅದನ್ನ ಬಿಡಿಸ್ಕೊಳ್ಳೋದು ಕಷ್ಟ. ಕಟ್ಟೋದೇ ಆದ್ರೆ ರೆಗ್ಯುಲರ್ ಅಸೆಸ್‌ಮೆಂಟ್, ಅಂದ್ರೆ ಚಲನ್‌ನಲ್ಲಿ ಯಾವ ಬಗೆಯ ಪಾವತಿ ಅಂತ ಹೇಳೋ ಕೋಡ್, ಮೈನರ್ ಹೆಡ್ 400ರಲ್ಲೇ ಕಟ್ಟಿ. 300ರಲ್ಲಿ (ಅದು ರಿಟರ್ನ್ ಹಾಕುವಾಗ ನಾವೇ ಕಟ್ಟೋ ಟ್ಯಾಕ್ಸ್‌ಗೆ) ಕಟ್ಟಿ ಬಂದವರನ್ನ ವಾರಕ್ಕೊಬ್ರು ನೋಡ್ತೇನೆ.

ತಮಾಷೆ ಏನಂದ್ರೆ ಮುಂಬೈಯಲ್ಲಿ ಕೂತ ನಮಗೆ ನೋಟಿಸ್ ಬರೋದು ಬೆಂಗಳೂರಿನ ಸಿಪಿಸಿಯಿಂದ (ರಿಟರ್ನ್‌ಗಳ ಲೆಕ್ಕ ನೋಡೋ ಸೆಂಟರ್), ಬಾಕಿ ಬಗ್ಗೆ ಫೋನ್ ಬರೋದು ಮೈಸೂರಿನ ಡಿಮಾಂಡ್ ಫೆಸಿಲಿಟೇಷನ್ ಸೆಂಟರ್‌ನಿಂದ. ಹಿಂದಿಯಲ್ಲಿ ತಡವರಿಸೋ ಬದಲು ಕನ್ನಡದಲ್ಲೇ ಶುರು ಮಾಡಿ ನೋಡಿ.

"ಬಾಕಿ ನಮ್ದೇ ಹೌದು, ಕೈಯಲ್ಲಿ ದುಡ್ಡಿಲ್ಲ. ಕಂತಲ್ಲಿ ಕಟ್ಬಹುದಾ?"

ಕಟ್ಬಹುದು. ಮುಂಬೈಯಲ್ಲಿ ಹಫ್ತಾ ಅಂದ್ರೆ ಬೇರೆ ಅರ್ಥ ಬರ್ತದೆ, ಆದ್ರೆ ಇದು ಕಾಯ್ದೆಯೊಳಗಿನ ಹಫ್ತಾ.

ಇನ್‌ಕಮ್ ಟ್ಯಾಕ್ಸ್‌ಗೆ ಸೆಕ್ಷನ್ 220(3). ಅರ್ಜಿ ಆ 30 ದಿನ ಮುಗಿಯೋ ಮೊದಲೇ ಅಸೆಸಿಂಗ್ ಆಫೀಸರ್‌ಗೆ ಹೋಗ್ಬೇಕು, ಇದನ್ನ ನಮ್ಮವರು ಯಾವಾಗ್ಲೂ ತಪ್ಪಿಸ್ತಾರೆ, 45ನೇ ದಿನಕ್ಕೆ ಬಂದು "ಈಗ ಎಂಥ ಮಾಡುದು" ಅಂತಾರೆ. ಎಷ್ಟು ಕಂತು ಅಂತ ಆಫೀಸರ್ ನಿರ್ಧಾರ. ಬರೀ ಕಷ್ಟ ಉಂಟು ಅಂತ ಬರೆದ್ರೆ ಸಾಲದು, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಸಾಲದ ಕಾಗದ, ತಿಂಗಳಿಗೆ ಎಷ್ಟು ಬರ್ತದೆ ಎಷ್ಟು ಹೋಗ್ತದೆ ಅನ್ನೋ ಒಂದು ಪುಟದ ಲೆಕ್ಕ, ಜೊತೆಗೆ ಮೊದಲ ಕಂತು ಕಟ್ಟಿದ ಚಲನ್ ಇಡಿ. ಮೊದಲೇ ಸ್ವಲ್ಪ ಕಟ್ಟಿ ಹೋದವರ ಮಾತಿಗೆ ತೂಕ ಜಾಸ್ತಿ, ಇದು ನಾನು ಕಣ್ಣಾರೆ ನೋಡಿದ್ದು. ಬಡ್ಡಿ ಮಾತ್ರ ನಿಲ್ಲಲ್ಲ.

ಜಿಎಸ್‌ಟಿಯಲ್ಲಿ ನಿಯಮ ಇನ್ನೂ ಸ್ಪಷ್ಟ. ಸೆಕ್ಷನ್ 80, ಫಾರ್ಮ್ ಡಿಆರ್‌ಸಿ-20, ಜಾಸ್ತಿ ಅಂದ್ರೆ 24 ತಿಂಗಳ ಕಂತು, ಜೊತೆಗೆ ವರ್ಷಕ್ಕೆ 18 ಪರ್ಸೆಂಟ್ ಬಡ್ಡಿ. 1,20,000 ಬಾಕಿ ಅಂದ್ರೆ ತಿಂಗಳಿಗೆ 5,000, ಮೇಲೆ ಬಡ್ಡಿ. ಬಾಕಿ 25,000ಕ್ಕಿಂತ ಕಮ್ಮಿ ಇದ್ರೆ ಕಂತು ಇಲ್ಲ. ಒಂದೇ ಒಂದು ಕಂತು ತಪ್ಪಿದ್ರೂ ಉಳಿದದ್ದೆಲ್ಲ ಒಂದೇ ಸಲ ಕಟ್ಬೇಕು, ನೋಟಿಸ್ ಕೂಡ ಕೊಡಲ್ಲ, ನೇರ ವಸೂಲಿ. ಹಾಗಾಗಿ ಶ್ರಾವಣದಲ್ಲಿ ವ್ಯಾಪಾರ ಬೀಳೋ ಹೋಟೆಲ್‌ನವರು ಒಳ್ಳೆ ತಿಂಗಳ ಲೆಕ್ಕದಲ್ಲಿ ಕಂತು ಕೇಳ್ಬೇಡಿ, ಕೆಟ್ಟ ತಿಂಗಳ ಲೆಕ್ಕದಲ್ಲಿ ಕೇಳಿ.

ಇನ್ನೊಂದು, ನೀವೇ ರಿಟರ್ನ್‌ನಲ್ಲಿ ತೋರಿಸಿದ ಟ್ಯಾಕ್ಸ್‌ಗೆ ಈ ಕಂತು ಸಿಗಲ್ಲ. ಈ ತಿಂಗಳ 3ಬಿ (ಜಿಎಸ್‌ಟಿ ರಿಟರ್ನ್) ದುಡ್ಡು ಪೂರ್ತಿ ಕಟ್ಟದೆ ಫೈಲೇ ಆಗಲ್ಲ, ಅದು ಗೊತ್ತಿರೋದೇ.

"ಎಲ್ಲಾ ಕಡೆ ಬಾಕಿ ಉಂಟು. ಮೊದಲು ಯಾವುದು ಕಟ್ಲಿ?"

ಮೊದಲು ಟಿಡಿಎಸ್, ಅಂದ್ರೆ ಬೇರೆಯವರಿಗೆ ದುಡ್ಡು ಕೊಡುವಾಗ ಹಿಡಿದು ಸರ್ಕಾರಕ್ಕೆ ಕಟ್ಟೋ ಟ್ಯಾಕ್ಸ್. ಕೆಲಸದವರದ್ದೋ ಬಾಡಿಗೆದ್ದೋ ಹಿಡಿದಿಟ್ಟ ದುಡ್ಡು ನಿಮ್ದಲ್ಲ, ತಿಂಗಳಿಗೆ 1.5 ಪರ್ಸೆಂಟ್ ಬಡ್ಡಿ, ರಿಟರ್ನ್ ತಡ ಆದ್ರೆ ದಿನಕ್ಕೆ 200 ರೂಪಾಯಿ ಬೇರೆ, ಕ್ರಿಮಿನಲ್ ಕೇಸ್ ಹಾಕೋ ಅವಕಾಶಾನೂ ಇಲ್ಲೇ ಜಾಸ್ತಿ. ಆಮೇಲೆ ಜಿಎಸ್‌ಟಿ, 18 ಪರ್ಸೆಂಟ್. ಆಮೇಲೆ ಇನ್‌ಕಮ್ ಟ್ಯಾಕ್ಸ್, ವರ್ಷಕ್ಕೆ 12ರ ಲೆಕ್ಕ. ಮಹಾರಾಷ್ಟ್ರದ ಪ್ರೊಫೆಷನಲ್ ಟ್ಯಾಕ್ಸ್ ವರ್ಷಕ್ಕೆ 2,500, ಅದನ್ನ ಎಲ್ರೂ ಮರೀತಾರೆ, ಐದಾರು ವರ್ಷ ಮರೆತ್ರೆ ಬಡ್ಡಿ ಸೇರಿ ಗುಡ್ಡ ಆಗ್ತದೆ. ಕ್ರೆಡಿಟ್ ಕಾರ್ಡ್‌ನಿಂದ ಎಳೆದೋ, ಮೀಟರ್ ಬಡ್ಡಿಗೆ ತಂದೋ 12 ಪರ್ಸೆಂಟ್‌ನ ಬಾಕಿ ತೀರಿಸೋದು ಮಾತ್ರ ದಡ್ಡತನ.

"ಹೋಟೆಲ್ ಕಂಡಕ್ಟ್‌ಗೆ ಕೊಟ್ಟಿದ್ದೆ. ಅವನು ಟ್ಯಾಕ್ಸ್ ಕಟ್ಲಿಲ್ಲ, ನೋಟಿಸ್ ನನಗೆ ಬಂದಿದೆ!"

ಮುಂಬೈ ಹೋಟೆಲ್‌ನವರ ಹಳೇ ರೋಗ ಇದು. ಕಂಡಕ್ಟ್ ಅಂದ್ರೆ ತಿಂಗಳಿಗೆ ಇಷ್ಟು ಅಂತ ಮಾತಾಡಿ ಹೋಟೆಲ್ ನಡ್ಸೋಕೆ ಬೇರೆಯವರಿಗೆ ಬಿಡೋದು. ಲೈಸೆನ್ಸ್ ನಿಮ್ಮ ಹೆಸರಲ್ಲಿ, ಜಿಎಸ್‌ಟಿ ನಂಬರ್ ನಿಮ್ಮ ಹೆಸರಲ್ಲಿ, ಗಲ್ಲಾದಲ್ಲಿ ಕೂರೋನು ಇನ್ನೊಬ್ಬ. ಅವನು ಗಿರಾಕಿ ಹತ್ರ ಬಿಲ್‌ನಲ್ಲಿ 5 ಪರ್ಸೆಂಟ್ ತಗೊಳ್ತಾನೆ, ನಿಮಗೆ ತಿಂಗಳ 5ನೇ ತಾರೀಕಿಗೆ ಸರಿಯಾಗಿ ಕಂಡಕ್ಟಿಂಗ್ ದುಡ್ಡು ಕಳಿಸ್ತಾನೆ, ನೀವು ಊರಲ್ಲಿ ಮನೆ ಕಟ್ಟಿಸ್ತಾ ಇರ್ತೀರಿ, ಎರಡು ವರ್ಷ ಆದ ಮೇಲೆ ಅವನು ಬಿಟ್ಟು ಹೋಗ್ತಾನೆ, ಡಿಆರ್‌ಸಿ-01 ನೋಟಿಸ್ ನಿಮ್ಮ ಹೆಸರಿಗೆ. ಇಲಾಖೆಗೆ ನಿಮ್ಮಿಬ್ಬರ ಮಧ್ಯೆ ಎಂಥ ಅಗ್ರಿಮೆಂಟ್ ಉಂಟು ಅನ್ನೋದು ಬೇಡ, ನಂಬರ್ ಯಾರದ್ದೋ ಅವರೇ ಬಾಕಿದಾರ. ಮೊದಲು ನೀವು ಕಟ್ಟಿ ಆಮೇಲೆ ಅವನ ಮೇಲೆ ಸಿವಿಲ್ ಕೇಸ್ ಹಾಕಿ ವಸೂಲಿ ಮಾಡ್ಬೇಕು, ಅದು ಎಷ್ಟು ವರ್ಷ ಹಿಡೀತದೆ ಅಂತ ನಿಮಗೇ ಗೊತ್ತು.

ಈಗ ಕಂಡಕ್ಟ್‌ಗೆ ಕೊಡೋರು ಅವನಿಗೇ ಬೇರೆ ಜಿಎಸ್‌ಟಿ ನಂಬರ್ ಮಾಡಿಸ್ಲಿಕ್ಕೆ ಹೇಳಿ. ಕ್ಯೂಆರ್ ಕೋಡ್ ಯಾರ ಖಾತೆಗೆ ಹೋಗ್ತದೆ ನೋಡಿ. ಡೆಪಾಸಿಟ್ ವಾಪಸ್ ಕೊಡೋ ಮೊದಲು ಅಷ್ಟೂ ತಿಂಗಳ 3ಬಿ ಆಗಿದೆಯಾ ಅಂತ ಜಿಎಸ್‌ಟಿ ಸೈಟ್‌ನಲ್ಲಿ ಸರ್ಚ್ ಟ್ಯಾಕ್ಸ್‌ಪೇಯರ್ ಒಳಗೆ ನಂಬರ್ ಹಾಕಿ ನೋಡಿ, ಯಾರು ಬೇಕಾದ್ರೂ ನೋಡ್ಬಹುದು, ಪಾಸ್‌ವರ್ಡ್ ಬೇಡ, ಎರಡು ನಿಮಿಷದ ಕೆಲಸ. ಈಗಾಗ್ಲೇ ಸಿಕ್ಕಿಬಿದ್ದವರು ನೋಟಿಸ್ ಬರೋ ಮೊದಲೇ ಡಿಆರ್‌ಸಿ-03 ಫಾರ್ಮ್‌ನಲ್ಲಿ ಟ್ಯಾಕ್ಸ್ ಮತ್ತು ಬಡ್ಡಿ ಕಟ್ಟಿದ್ರೆ ಮೋಸದ ಆರೋಪ ಇಲ್ಲದ ಕೇಸಲ್ಲಿ ಸಾಮಾನ್ಯವಾಗಿ ಪೆನಾಲ್ಟಿ ತಪ್ತದೆ, ಆದ್ರೆ ಗಿರಾಕಿ ಹತ್ರ ತಗೊಂಡ ಟ್ಯಾಕ್ಸ್ 30 ದಿನದ ಮೇಲೂ ಕಟ್ಟದೆ ಇಟ್ಕೊಂಡಿದ್ರೆ ಈ ರಿಯಾಯಿತಿ ಸಿಗಲ್ಲ.

"ಸರ, ನಾ ವಾಸ್ಕೋದಾಗ ಲೇಬರ್ ಕಾಂಟ್ರಾಕ್ಟ್ ಮಾಡ್ತೀನಿ. ಬಿಲ್ಡರ್ ಟಿಡಿಎಸ್ ಕಟ್ ಮಾಡ್ಯಾನ, ಸರ್ಕಾರಕ್ಕ ಕಟ್ಟಿಲ್ಲ. ಈಗ ನನಗ ಡಿಮಾಂಡ್ ಬಂದೈತಿ, ಎರಡು ಸಲ ಕಟ್ಟಬೇಕೇನ್ರಿ?"

ಬೇಡ ಅಣ್ಣ. ಸೆಕ್ಷನ್ 205 ಇರೋದೇ ಇದಕ್ಕೆ, ನಿಮ್ಮ ದುಡ್ಡಿಂದ ಟಿಡಿಎಸ್ ಹಿಡಿದಾಗಿದೆ ಅಂದ್ರೆ ಅಷ್ಟು ಮೊತ್ತಕ್ಕೆ ನಿಮ್ಮ ಹತ್ರ ಮತ್ತೆ ಕೇಳೋ ಹಾಗಿಲ್ಲ, ಇಲಾಖೆ ಬಿಲ್ಡರ್‌ನ ಹಿಡೀಬೇಕು. ಆದ್ರೆ ಹಿಡಿದಿದ್ದಾನೆ ಅಂತ ತೋರಿಸೋದು ನಿಮ್ಮ ಕೆಲಸ. 26ಎಎಸ್‌ನಲ್ಲಿ (ನಿಮ್ಮ ಪ್ಯಾನ್‌ಗೆ ಜಮಾ ಆದ ಟ್ಯಾಕ್ಸ್‌ನ ಪಟ್ಟಿ) ಅದು ಇರಲ್ಲ, ಹಾಗಾಗಿ 1 ಲಕ್ಷದ ಬಿಲ್, ಬ್ಯಾಂಕಿಗೆ ಬಂದ 99,000, ಬಿಲ್ಡರ್ ಆಫೀಸಿನ ಪೇಮೆಂಟ್ ಚೀಟಿ, ಇದನ್ನ ಒಂದೊಂದು ಬಿಲ್‌ಗೂ ಪಕ್ಕಪಕ್ಕ ಇಟ್ಟು ಪಟ್ಟಿ ಮಾಡಿ ಕೊಡಿ. ಬಾಯಿಮಾತಲ್ಲಿ ವ್ಯವಹಾರ ಮಾಡಿ ಬಿಲ್ಲೇ ಹಾಕಿಲ್ಲ ಅಂದ್ರೆ ಮಾತ್ರ ಕಷ್ಟ ಉಂಟು.

"ಭೋಸರಿಯಲ್ಲಿ ಜಾಬ್ ವರ್ಕ್ ಮಾಡ್ತೀವಿ. ಕಂಪನಿ ನಮಗೆ ದುಡ್ಡೇ ಕೊಟ್ಟಿಲ್ಲ, ಜಿಎಸ್‌ಟಿ ಯಾಕೆ ಕಟ್ಬೇಕು?"

ಬಿಲ್ ಹಾಕಿದ ಮೇಲೆ ದುಡ್ಡು ಬರ್ಲಿ ಬಿಡ್ಲಿ, ಜಿಎಸ್‌ಟಿ ಕಟ್ಬೇಕು. ಅನ್ಯಾಯ ಅಂತ ನನಗೂ ಅನ್ನಿಸ್ತದೆ, ಸಣ್ಣವರ ಬಾಕಿ ಹುಟ್ಟೋದೇ ಹೆಚ್ಚಾಗಿ ಇಲ್ಲಿಂದ. ಆದ್ರೆ ಉದ್ಯಮ್ ರಿಜಿಸ್ಟ್ರೇಷನ್ (ಸಣ್ಣ ಉದ್ಯಮದ ಸರ್ಕಾರಿ ನೋಂದಣಿ) ಮಾಡಿಸಿಕೊಂಡಿದ್ರೆ ಕಂಪನಿ 45 ದಿನದೊಳಗೆ ಕೊಡ್ಬೇಕು, ತಡ ಆದ್ರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ಸಣ್ಣ ಉದ್ಯಮ ಸಚಿವಾಲಯದ ಪೋರ್ಟಲ್‌ನಲ್ಲಿ ದೂರು ಹಾಕ್ಬಹುದು. ದೂರು ಹಾಕಿದ್ರೆ ಮುಂದಿನ ಆರ್ಡರ್ ಹೋಗ್ತದೆ ಅಂತ ಎಲ್ರೂ ಹೆದರ್ತಾರೆ, ಹೆದರಿಕೆ ಸುಳ್ಳಲ್ಲ. ಅದಕ್ಕೆ ಮೊದಲು ಇನ್‌ಕಮ್ ಟ್ಯಾಕ್ಸ್‌ನ ಸೆಕ್ಷನ್ 43ಬಿ(ಎಚ್) ನೆನಪಿಸಿ ಒಂದು ಮೇಲ್ ಹಾಕಿ, ಸಣ್ಣ ಉದ್ಯಮಕ್ಕೆ ಗಡುವೊಳಗೂ ಕೊಡದೆ ವರ್ಷ ಮುಗಿಯೋ ತನಕ ಉಳಿಸಿದ ದುಡ್ಡು ಆ ವರ್ಷದ ಖರ್ಚಲ್ಲಿ ಕಳೆಯೋಕೆ ಆಗಲ್ಲ ಅಂತ ಅವರ ಅಕೌಂಟ್ಸ್‌ನವರಿಗೆ ಗೊತ್ತಿರ್ತದೆ. ಮಾರ್ಚ್ ತಿಂಗಳಲ್ಲಿ ಹಾಕಿದ್ರೆ ಬೇಗ ಕೆಲಸ ಆಗ್ತದೆ.

"ಅಪೀಲ್ ಹಾಕಿದ್ರೆ ವಸೂಲಿ ನಿಲ್ತದಾ?"

ಜಿಎಸ್‌ಟಿಯಲ್ಲಿ ನಿಲ್ತದೆ. ಆರ್ಡರ್ ಸಿಕ್ಕಿ 3 ತಿಂಗಳೊಳಗೆ ಅಪೀಲ್, ತಕರಾರು ಇರೋ ಟ್ಯಾಕ್ಸ್‌ನ 10 ಪರ್ಸೆಂಟ್ ಮೊದಲೇ ಕಟ್ಟಿದ್ರೆ ಉಳಿದದ್ದು ತಾನಾಗೇ ತಡೆ. ಇನ್‌ಕಮ್ ಟ್ಯಾಕ್ಸ್‌ನಲ್ಲಿ ಹಾಗಲ್ಲ. ಅಪೀಲ್ 30 ದಿನದೊಳಗೆ, ಫೀಸ್ ಸಾವಿರ ರೂಪಾಯಿ ಒಳಗೇ, ಆದ್ರೆ ಸ್ಟೇ (ವಸೂಲಿಗೆ ತಡೆ) ಬೇಕು ಅಂತ ಬೇರೆ ಅರ್ಜಿ ಕೊಡ್ಬೇಕು. ಎಷ್ಟು ಕಟ್ಟಿದ್ರೆ ಸ್ಟೇ ಅನ್ನೋದು ನೇರ ತೆರಿಗೆ ಬೋರ್ಡ್‌ನ ಆದೇಶದ ಮೇಲೆ, 2016ರಲ್ಲಿ 15 ಪರ್ಸೆಂಟ್ ಇತ್ತು, 2017 ಜುಲೈ 31ಕ್ಕೆ 20 ಮಾಡಿದ್ರು, ಅರ್ಜಿ ಕೊಡೋ ದಿನ ಚಾಲ್ತಿ ಯಾವುದು ಅಂತ ಕೇಳ್ಕೊಂಡೇ ಕೊಡಿ. ಅಪೀಲ್ ಹಾಕಿ ಆಯ್ತು ಅಂತ ನೆಮ್ಮದಿಯಾಗಿ ಮಲಗಿದವರ ಬ್ಯಾಂಕ್ ಖಾತೆ ಅಟ್ಯಾಚ್ (ಬಾಕಿಗಾಗಿ ಇಲಾಖೆ ತಡೆಹಿಡಿಯೋದು) ಆದದ್ದು ನೋಡಿದ್ದೇನೆ.

"ಬ್ಯಾಂಕ್ ಖಾತೆ ಅಟ್ಯಾಚ್ ಆಗಿದೆ, ಸಂಬಳ ಕೊಡೋಕೂ ಆಗ್ತಿಲ್ಲ."

ಬ್ಯಾಂಕ್ ಮ್ಯಾನೇಜರ್ ಹತ್ರ ಜಗಳ ಆಡಿ ಉಪಯೋಗ ಇಲ್ಲ, ಅವರು ನೋಟಿಸ್ ಪಾಲಿಸ್ಲೇಬೇಕು. ನೋಟಿಸ್‌ನ ಕಾಪಿ ಮಾತ್ರ ಅಲ್ಲಿಂದ ತಗೊಳ್ಳಿ, 226(3) ಅಂತಿದ್ರೆ ಇನ್‌ಕಮ್ ಟ್ಯಾಕ್ಸ್, ಡಿಆರ್‌ಸಿ-13 ಅಂತಿದ್ರೆ ಜಿಎಸ್‌ಟಿ. ಅದೇ ದಿನ ಆ ಆಫೀಸರ್ ಹತ್ರ ಹೋಗಿ, ಆಗೋವಷ್ಟು ಕಟ್ಟೋಕೆ ತಯಾರಾಗಿ ಹೋಗಿ, ಉಳಿದದ್ದಕ್ಕೆ ಕಂತೋ ಸ್ಟೇನೋ ಬರವಣಿಗೆಯಲ್ಲಿ ಕೇಳಿ. ಖಾತೆ ಬಿಡಿಸೋ ಪತ್ರ ಬ್ಯಾಂಕಿಗೆ ಹೋಯ್ತಾ ಅಂತ ಕೇಳದೆ ಮನೆಗೆ ಬರ್ಬೇಡಿ.

"ಬಡ್ಡಿ ಮಾಫಿ ಕೇಳ್ಬಹುದಾ?"

220(2)ರ ಬಡ್ಡಿಗೆ ಕೇಳ್ಬಹುದು, 220(2ಎ)ಯಲ್ಲಿ. ಕಟ್ಟಿದ್ರೆ ನಿಜವಾಗ್ಲೂ ಕಷ್ಟ ಆಗ್ತದೆ, ತಡ ಆದದ್ದು ನಮ್ಮ ಕೈಮೀರಿ, ಇಲಾಖೆಗೆ ಸಹಕಾರ ಕೊಟ್ಟಿದ್ದೇವೆ, ಈ ಮೂರೂ ಇರ್ಬೇಕು, ಎರಡಿದ್ರೆ ಸಾಲದು. ಆಸ್ಪತ್ರೆ ಕಾಗದ, ಮಳೆನೀರು ನುಗ್ಗಿದ ಪಂಚನಾಮೆ, ಇಂಥದ್ದು ಇದ್ರೆ ಇಡಿ.

"ಅಪ್ಪ ತೀರಿಹೋಗಿದ್ದಾರೆ, ಅವರ ಹೆಸರಿನ ಬಾಕಿ ನಾನು ಕಟ್ಬೇಕಾ?"

ಅವರಿಂದ ನಿಮಗೆ ಬಂದ ಆಸ್ತಿ ಎಷ್ಟೋ ಅಷ್ಟರ ತನಕ ಮಾತ್ರ. ನಿಮ್ಮ ಸ್ವಂತ ದುಡಿಮೆ ಮುಟ್ಟಲ್ಲ. ಪಾರ್ಟ್ನರ್‌ಶಿಪ್ ಫರ್ಮ್ ಆದ್ರೆ ಬೇರೆ ಕತೆ, ಅಲ್ಲಿ ಫರ್ಮ್‌ನ ಬಾಕಿಗೆ ಒಬ್ಬೊಬ್ಬ ಪಾರ್ಟ್ನರೂ ಪೂರ್ತಿ ಹೊಣೆ, ಬಿಟ್ಟು ಹೋದವರೂ ತಾವು ಇದ್ದ ವರ್ಷಗಳಿಗೆ ತಪ್ಪಿಸ್ಕೊಳ್ಳೋಕೆ ಆಗಲ್ಲ.

"2009ರದ್ದು ಯಾವುದೋ 7 ಸಾವಿರ ತೋರಿಸ್ತಿತ್ತು, ಈಗ ಕಾಣ್ತಿಲ್ಲ?"

2024 ಫೆಬ್ರವರಿಯ ಆದೇಶದಲ್ಲಿ ಹೋಗಿರ್ಬೇಕು. ಅಸೆಸ್‌ಮೆಂಟ್ ಇಯರ್ 2010-11ರ ತನಕ ಒಂದೊಂದು 25,000ದೊಳಗಿನದ್ದು, 2011-12ರಿಂದ 2015-16ರ ತನಕ 10,000ದೊಳಗಿನದ್ದು, ಒಬ್ಬರಿಗೆ ಒಟ್ಟು 1 ಲಕ್ಷದ ಮಿತಿಯಲ್ಲಿ ಅಳಿಸಿದ್ರು.

"ರಿಟರ್ನ್ ಹಾಕಿದ್ರೆ ಟ್ಯಾಕ್ಸ್ ಕಟ್ಬೇಕಾಗ್ತದೆ, ಅದಕ್ಕೆ ಮೂರು ವರ್ಷದಿಂದ ಹಾಕಿಲ್ಲ."

ಇದೇ ಎಲ್ಲದಕ್ಕಿಂತ ದುಬಾರಿ. ಅಪ್‌ಡೇಟೆಡ್ ರಿಟರ್ನ್ (ಗಡುವು ದಾಟಿದ ಮೇಲೆ ಹಾಕೋ ರಿಟರ್ನ್) ಈಗ 48 ತಿಂಗಳ ತನಕ ಹಾಕ್ಬಹುದು, ಆದ್ರೆ ಟ್ಯಾಕ್ಸ್ ಮತ್ತು ಬಡ್ಡಿಯ ಮೇಲೆ ಮೊದಲ ವರ್ಷ 25 ಪರ್ಸೆಂಟ್ ಹೆಚ್ಚು, ಎರಡನೇ ವರ್ಷ 50, ಮೂರಕ್ಕೆ 60, ನಾಲ್ಕಕ್ಕೆ 70. ಯಾವ ವರ್ಷ ಇನ್ನೊಂದು ಮೆಟ್ಟಿಲು ಹತ್ತೋಕೆ ಹತ್ರ ಉಂಟು ನೋಡಿ, ಅದನ್ನ ಮೊದಲು ಮುಗಿಸಿ. 2 ಕೋಟಿ ಒಳಗಿನ ವ್ಯಾಪಾರದವರಿಗೆ 44ಎಡಿಯಲ್ಲಿ ಕ್ಯಾಶ್‌ಗೆ 8, ಯುಪಿಐ-ಬ್ಯಾಂಕ್‌ಗೆ 6 ಪರ್ಸೆಂಟ್ ಲಾಭ ತೋರಿಸಿದ್ರೆ ಸಾಕು, ಪುಸ್ತಕ ಇಡೋದು ಬೇಡ, ಎಷ್ಟೋ ಜನರಿಗೆ ಅಂದ್ಕೊಂಡಷ್ಟು ಟ್ಯಾಕ್ಸೇ ಬರಲ್ಲ.

"ನನಗೆ ನೋಟಿಸೇ ಬಂದಿಲ್ಲ, ಮತ್ತೆ ಹೇಗೆ ಬಾಕಿ?"

ಬಂದಿದೆ, ನಿಮಗೆ ಬಂದಿಲ್ಲ ಅಷ್ಟೇ. ಪೋರ್ಟಲ್‌ಗೆ ಲಾಗಿನ್ ಆಗಿ ಪ್ರೊಫೈಲ್ ತೆಗೀರಿ, ಹತ್ತರಲ್ಲಿ ನಾಲ್ಕು ಜನರದ್ದು ಅಲ್ಲಿ ಇರೋ ಇಮೇಲ್ ಮತ್ತು ಮೊಬೈಲ್ ಹಿಂದಿನ ಅಕೌಂಟೆಂಟ್‌ನದ್ದು, ಅವನು ಕೆಲಸ ಬಿಟ್ಟು ನಾಲ್ಕು ವರ್ಷ ಆಗಿರ್ತದೆ. ಪಾಸ್‌ವರ್ಡ್ ಗೊತ್ತಿಲ್ಲ ಅಂದ್ರೆ ಆಧಾರ್ ಓಟಿಪಿಯಲ್ಲಿ ಬದಲಾಯಿಸಿ, ನಿಮ್ಮ ನಂಬರ್ ಹಾಕಿ, ಆಮೇಲೆ ಇ-ಪ್ರೊಸೀಡಿಂಗ್ಸ್ ಒಳಗೆ ಹೋಗಿ ಕೆಳಗಿನ ತನಕ ನೋಡಿ. ಜಿಎಸ್‌ಟಿಯಲ್ಲಾದ್ರೆ ಅಡಿಷನಲ್ ನೋಟಿಸಸ್ ಅಂತ ಇನ್ನೊಂದು ಮೂಲೆಯಲ್ಲಿ ಬಿದ್ದಿರ್ತದೆ, ಅಲ್ಲೂ ನೋಡಿ. ಸಿಕ್ಕಿದ್ದನ್ನೆಲ್ಲ ಡೌನ್‌ಲೋಡ್ ಮಾಡಿ ಪ್ರಿಂಟ್ ತಗೊಂಡು ಬನ್ನಿ, ಫೋನ್‌ನಲ್ಲಿ ಫೋಟೋ ತೆಗೆದು ಕಳಿಸ್ಬೇಡಿ, ಅರ್ಧ ಪುಟ ಯಾವಾಗ್ಲೂ ಕಟ್ ಆಗಿರ್ತದೆ.